ರಿವರ್ಸ್ ಗೇರಿಗೆ ಅಡವಿಟ್ಟ ಮೀಸೆ

ಹೊಸಬರ ಕೈಗೆ ಸ್ಟೇರಿಂಗ್ ಕೊಟ್ಟು ಪಕ್ಕದ ಸೀಟಿನಲ್ಲಿ ಕೂತವನು ನಗಲಿಕ್ಕೆ ಬೇರೆ ಕಡೆ ಹೋಗಬೇಕೂಂತ ಇಲ್ಲ. ದಿನಕ್ಕೊಂದು ಪ್ರಸಂಗ ಎಲ್ ಬೋರ್ಡ್ ಕಟ್ಟಿಕೊಂಡು ತಾನಾಗಿ ಬಂದು ಎದುರು ನಿಲ್ತದೆ.

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಹಾಗಾಗಿ ಎಲ್ಲರೂ ಮೊದಲು ಬರೆಯಲು ಕಲಿಯುವುದು 'ಅಮ್ಮ' ಅಂತಾದರೆ ನಾನು ಮೊದಲು ಕಲಿತದ್ದು 'ಬೆಳ್ತಂಗಡಿ'. ಆದರೆ ಡ್ರೈವಿಂಗಿನಲ್ಲಿ? ತುಂಬಿದ ಚಹಾದ ಲೋಟ ಎದುರಿಗಿಟ್ಟುಕೊಂಡು ಚಾರ್ಮಾಡಿ ಘಾಟಿ ಇಳಿದವನು ನಾನು. ಒಂದು ಹನಿ ಚೆಲ್ಲಿದ್ದರೆ ಕೇಳಿ! ಚೆಲ್ಲುವುದು ಬಿಡಿ, ಕೆಳಗೆ ಮುಟ್ಟುವಾಗ ಚಹಾದ ಮೇಲೆ ಕೆನೆ ಕಟ್ಟಿತ್ತು.

ಮೀಸೆ ಪಣಕ್ಕೆ ಬಿತ್ತು

ಬಸ್ಸಿನ ಕೆಲಸ ಬಿಟ್ಟ ಮೇಲೆ ನಾನು ಮನೆಯಲ್ಲಿ ಕೂತಿದ್ದವ. ನನ್ನ ಬಸ್ಸಿನಲ್ಲಿ ಮೂವತ್ತು ವರ್ಷ ಸೀಟಿ ಊದಿದ ಕಂಡಕ್ಟರು ಬಿ.ಸಿ.ರೋಡಿನಲ್ಲಿ ಡ್ರೈವಿಂಗ್ ಸ್ಕೂಲ್ ಹಾಕಿ, ಒಂದು ಕೆಂಪು ಕಾರು ತಂದು, ಮನೆ ಬಾಗಿಲಿಗೆ ಬಂದರು.

"ಡ್ರೈವರ್ರೇ, ಮಕ್ಕಳಿಗೆ ಕಲಿಸ್ಲಿಕ್ಕೆ ಬನ್ನಿ. ನಿಮ್ಮಷ್ಟು ಅನುಭವ ಯಾರಿಗುಂಟು?"

ಇಷ್ಟು ಸತ್ಯದ ಮಾತು ಹೇಳಿದ ಮೇಲೆ ಹೋಗದೆ ಇರ್ಲಿಕ್ಕೆ ಆಗ್ತದಾ? ಹೋದೆ. ಎಡಗಡೆಯ ಸೀಟಿನಲ್ಲಿ ನಾನು, ನನ್ನ ಕಾಲ ಬುಡದಲ್ಲಿ ಒಂದು ಹೆಚ್ಚಿನ ಬ್ರೇಕು. ಕಂಡಕ್ಟರು ಮಾತ್ರ ಹಳೇ ಅಭ್ಯಾಸ ಬಿಡಲಿಲ್ಲ. ಕಾರು ರಿವರ್ಸ್ ತೆಗೆಯುವಾಗ ಹಿಂದೆ ಓಡಿಹೋಗಿ ಡಿಕ್ಕಿಗೆ ಪಟಪಟ ತಟ್ಟುತ್ತಾ "ಬರಡ್, ಬರಡ್, ಬರಡ್" ಅಂತ ಕೂಗಬೇಕು ಅವರಿಗೆ. ಬರಲಿ, ಬರಲಿ ಅಂತ. ತಟ್ಟುವುದು ನಿಂತರೆ ಗಾಡಿ ನಿಲ್ಲಿಸಬೇಕು. ಬಸ್ಸಿನಲ್ಲಿ ನಮ್ಮದು ಹಾಗೆಯೇ ನಡೆದದ್ದು. ನಾನೂ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟೆ: "ಹಿಂದೆ ನೋಡ್ಲಿಕ್ಕೆ ಹೋಗ್ಬೇಡಿ. ತಟ್ಟುವುದನ್ನು ಕೇಳಿ."

ಒಂದು ದಿನ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ನಾನು ಆನೆಯ ಕತೆ ಹೇಳ್ತಾ ಇದ್ದೆ. ಬೆಳಗ್ಗಿನ ಮೊದಲ ಟ್ರಿಪ್ಪು, ಚಾರ್ಮಾಡಿಯಲ್ಲಿ ಮಂಜು, ರಸ್ತೆಗೆ ಅಡ್ಡ ಒಂದು ಒಂಟಿ ಸಲಗ. ನಾನು ಒಂದೇ ಒಂದು ಹಾರ್ನ್ ಹಾಕಿದೆ. ಆನೆ ನನ್ನ ಮೀಸೆ ನೋಡಿತು, ಹಿಂದೆ ಸರಿದು ಸೈಡ್ ಕೊಟ್ಟಿತು, ಸೊಂಡಿಲು ಎತ್ತಿ ಸಲಾಂ ಹೊಡೆಯಿತು.

ಹೋಟೆಲಿನವರೆಲ್ಲ ಕಂಡಕ್ಟರ ಮುಖ ನೋಡಿದರು. ಆ ದಿನ ಬಸ್ಸಿನಲ್ಲಿ ಇದ್ದದ್ದು ನಾವಿಬ್ಬರೇ. ಕಂಡಕ್ಟರು ಯಾವಾಗಲೂ ಹೇಳುವುದನ್ನೇ ಹೇಳಿದರು: "ನಾನೇನೂ ನೋಡ್ಲಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. ಮೂವತ್ತು ವರ್ಷದಿಂದ ಇದೇ ಮಾತು! "ಕಂಡಕ್ಟ್ರೇ, ಈಗ ಕಲಿಯುವ ಮೂರು ಮಕ್ಕಳು ಉಂಟಲ್ಲ, ಮೂರೂ ಜನ ಒಂದೇ ಸಲಕ್ಕೆ ಟೆಸ್ಟ್ ಪಾಸಾಗ್ತಾರೆ. ಆಗದಿದ್ರೆ ಈ ಮೀಸೆ ನಿಮ್ಮೆದುರೇ ಬೋಳಿಸ್ತೇನೆ. ಪಾಸಾದ್ರೆ ನೀವು ಇದೇ ಹೋಟೆಲಿನಲ್ಲಿ ಎದ್ದು ನಿಂತು ಆನೆ ಸೈಡ್ ಕೊಟ್ಟದ್ದು ಹೌದು ಅಂತ ಹೇಳ್ಬೇಕು."

"ಆಗ್ಬಹುದು" ಅಂದರು ಕಂಡಕ್ಟರು. ಆಮೇಲೆ ಹೋಟೆಲಿನವನ ಕಡೆ ತಿರುಗಿ, "ಕ್ಷೌರದ ಅಂಗಡಿಗೆ ಈಗಲೇ ಹೇಳಿ ಇಡು ಮಾರಾಯ. ಇದು ಒಂದು ಕತ್ತಿಯಲ್ಲಿ ಮುಗಿಯುವ ಮೀಸೆ ಅಲ್ಲ."

ನೆರಿಯದ ಹುಡುಗ ಮತ್ತು ಬ್ರೇಕು

ಮೂವರಲ್ಲಿ ಮೊದಲನೆಯವನು ಬೆಳ್ತಂಗಡಿ ಕಡೆಯ ನೆರಿಯದವ. ಮನೆಯಲ್ಲಿ ರಬ್ಬರ್ ತೋಟ, ತೋಟಕ್ಕೊಂದು ಅಜ್ಜನ ಕಾಲದ ಜೀಪು. "ನನಗೆ ಗಾಡಿ ಬರ್ತದೆ ಅಜ್ಜ. ಲೈಸೆನ್ಸ್ ಮಾತ್ರ ಬೇಕಾದ್ದು" ಅಂದ.

ಬಂದದ್ದು ಹೌದು. ಕ್ಲಚ್ಚು, ಗೇರು ಎಲ್ಲ ಬೆಣ್ಣೆಯ ಹಾಗೆ. ಒಂದು ಇಳಿಜಾರು ಸಿಕ್ಕಿತು. ಕೆಳಗೆ ತಿರುವು. ಕಾರು ಓಡ್ತಾ ಉಂಟು, ಹುಡುಗನ ಬಲಗಾಲು ಅಲ್ಲಾಡುವುದಿಲ್ಲ. ಕಣ್ಣು ಮಾತ್ರ ರಸ್ತೆಯ ಎಡಬದಿಯಲ್ಲಿ ಏನನ್ನೋ ಹುಡುಕ್ತಾ ಉಂಟು.

"ಬ್ರೇಕ್ ಮಾರಾಯ, ಬ್ರೇಕ್!"

"ನಿಲ್ಲಿ ಅಜ್ಜ, ಬರೆ ಬರ್ಲಿ!"

ಬರೆ ಅಂದರೆ ಗುಡ್ಡ ಕಡಿದ ಜಾಗದಲ್ಲಿ ರಸ್ತೆ ಬದಿಗೆ ಎದ್ದು ನಿಂತ ಮಣ್ಣಿನ ಗೋಡೆ. ಅದಕ್ಕೂ ಗಾಡಿಗೂ ಎಂತ ಸಂಬಂಧ ಅಂತ ಯೋಚಿಸುವಷ್ಟರಲ್ಲಿ ಅವನು ಸ್ಟೇರಿಂಗನ್ನು ಎಡಕ್ಕೆ ತಿರುಗಿಸಲು ಹೊರಟ. ನಾನು ನನ್ನ ಕಾಲಡಿಯ ಬ್ರೇಕನ್ನು ಒತ್ತಿದ ರಭಸಕ್ಕೆ ಕಾರು ನಿಂತದ್ದಲ್ಲ, ಭೂಮಿಯೇ ಒಂದು ಕ್ಷಣ ನಿಂತಿತು!

ವಿಷಯ ಎಂತದೆಂದರೆ, ಅವರ ಜೀಪಿಗೆ ಬ್ರೇಕು ಹೋಗಿ ಯಾವ ಕಾಲವೋ ಆಗಿದೆ. ಮನೆಯವರೆಲ್ಲ ಗಾಡಿಯನ್ನು ಮೆಲ್ಲ ಬರೆಗೆ ಒರಗಿಸಿಯೇ ನಿಲ್ಲಿಸುವುದು. ದನ ಮರಕ್ಕೆ ಮೈ ಉಜ್ಜಿದ ಹಾಗೆ.

ಅವನನ್ನು ಅಲ್ಲೇ ಕೆಳಗಿಳಿಸಿ ಬೈದೆ. "ಬರೆ ಇಲ್ಲದ ಕಡೆ ಎಂತ ಮಾಡ್ತಿ? ಎದುರು ಶಾಲೆಯ ಮಕ್ಕಳು ಬಂದ್ರೆ ಎಂತ ಮಾಡ್ತಿ?" ಹುಡುಗ ತಲೆ ತಗ್ಗಿಸಿದ. ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸುವುದು, ಎದುರಿನ ಗಾಡಿಗೆ ಅಂತರ ಬಿಡುವುದು, ಬ್ರೇಕನ್ನು ಕೋಳಿಮರಿಯನ್ನು ಮುಟ್ಟಿದ ಹಾಗೆ ಮೆಲ್ಲ ಒತ್ತುವುದು, ಎಲ್ಲ ಹೇಳಿಕೊಟ್ಟೆ. ಅದೇ ಇಳಿಜಾರಿನಲ್ಲಿ ಮತ್ತೆ ಬಂದ. ಒತ್ತಿದ. ಕಾರು ಹೂವಿನ ಹಾಗೆ ನಿಂತಿತು.

ಅವನ ಕಣ್ಣು ಇಷ್ಟಗಲ ಆಯಿತು. "ಅಜ್ಜ, ಇದು ಭಾರೀ ಲಾಯ್ಕ್ ಉಂಟಲ್ಲ! ನಮ್ಮ ಜೀಪಿಗೂ ಒಂದು ಹಾಕಿಸುವ!"

ಎರಡು ಕೈಯ ಭಕ್ತಿ

ಎರಡನೆಯವನು ಬಂಟ್ವಾಳ ಪೇಟೆಯ ಹುಡುಗ. ಬಟ್ಟೆ ಅಂಗಡಿಯವರ ಮಗ, ಹೊಸದಾಗಿ ಮದುವೆಯಾದವ, ದೇವರಲ್ಲಿ ಬಹಳ ಭಕ್ತಿ. ನಮ್ಮ ಕಡೆ ರಸ್ತೆ ಬದಿಯಲ್ಲಿ ಎಷ್ಟು ಕಾಣಿಕೆ ಡಬ್ಬಿ ಉಂಟು ಅಂತ ನಿಮಗೆ ಗೊತ್ತಿರಬಹುದು. ಕಟ್ಟೆಗೊಂದು, ದೈವದ ಗುಡಿಗೊಂದು, ತಿರುವಿಗೊಂದು. ಹಳೇ ಡ್ರೈವರುಗಳು ಗಾಡಿ ಓಡಿಸುತ್ತಲೇ ಒಂದು ಕೈಯನ್ನು ಎದೆಗೆ ಮುಟ್ಟಿಸಿ ಹೋಗುವುದುಂಟು. ಅದೂ ತಪ್ಪೇ, ಇರಲಿ.

ಈ ಮಹಾರಾಯ ಮೊದಲ ಡಬ್ಬಿ ಕಂಡದ್ದೇ ಎರಡೂ ಕೈ ಬಿಟ್ಟ. ಜೋಡಿಸಿ ಮುಗಿದ. ಸಾಲದ್ದಕ್ಕೆ ಕಣ್ಣೂ ಮುಚ್ಚಿದ!

ಎದುರಿನಿಂದ ಖಾಸಗಿ ಬಸ್ಸು ಹಾರ್ನ್ ಹೊಡೆದುಕೊಂಡು ಬರ್ತಾ ಉಂಟು. ನಾನು ಪಕ್ಕದಿಂದ ಸ್ಟೇರಿಂಗ್ ಹಿಡಿದು, ಬ್ರೇಕ್ ಒತ್ತಿ, ಕಾರನ್ನು ಬದಿಗೆ ತಂದೆ. ಬಸ್ಸಿಗೂ ನಮಗೂ ನಡುವೆ ಉಳಿದದ್ದು ಒಂದು ವೀಳ್ಯದೆಲೆ ಹಿಡಿಯುವಷ್ಟು ಜಾಗ.

ಹುಡುಗ ಕಣ್ಣು ಬಿಟ್ಟು, "ನೋಡಿದ್ರಾ ಅಜ್ಜ? ದೈವವೇ ಕಾಪಾಡಿದ್ದು" ಅಂದ.

"ದೈವ ಕಾಯ್ತದೆ, ಅದು ಹೌದು. ಆದ್ರೆ ಸ್ಟೇರಿಂಗ್ ಹಿಡಿಯುವುದು ಅದರ ಕೆಲಸ ಅಲ್ಲ" ಅಂದೆ. "ಕೈ ಮುಗಿಯಲೇಬೇಕಾದ್ರೆ ಕನ್ನಡಿ ನೋಡು, ಇಂಡಿಕೇಟರ್ ಹಾಕು, ಬದಿಗೆ ನಿಲ್ಲಿಸು, ಹ್ಯಾಂಡ್‌ಬ್ರೇಕ್ ಎಳೆ. ಆಮೇಲೆ ಇಳಿದು ಬೇಕಾದ್ರೆ ಸಾಷ್ಟಾಂಗ ಬೀಳು."

ನಾನು ಹೇಳಿದ್ದನ್ನು ಅವನು ಅಕ್ಷರ ಬಿಡದೆ ಪಾಲಿಸಿದ. ಪ್ರತಿ ಡಬ್ಬಿಗೂ ಇಂಡಿಕೇಟರು, ಪ್ರತಿ ಕಟ್ಟೆಗೂ ಹ್ಯಾಂಡ್‌ಬ್ರೇಕು. ಬಿ.ಸಿ.ರೋಡಿನಿಂದ ಬಂಟ್ವಾಳ ಪೇಟೆಗೆ ಹೊರಟಾಗ ನಮ್ಮ ಜೊತೆಗೇ ತಲೆಯಲ್ಲಿ ಬುಟ್ಟಿ ಹೊತ್ತು ಒಬ್ಬಳು ಮೀನಿನವಳು ನಡೆದು ಹೊರಟಿದ್ದಳು. ನಾವು ಪೇಟೆ ಮುಟ್ಟುವಾಗ ಅವಳು ಮೀನೆಲ್ಲ ಮಾರಿ ಖಾಲಿ ಬುಟ್ಟಿ ಹಿಡಿದು ವಾಪಸ್ ಬರ್ತಾ ಇದ್ದಳು. ಕಿಟಕಿಗೆ ಬಗ್ಗಿ ಕೇಳಿದಳು: "ಕಾರು ಹಾಳಾಗಿದೆಯಾ ಅಣ್ಣ? ದೂಡ್ಬೇಕಾ?"

ಬೆಲ್ಟ್ ಹಾಕಿದ ಮೇಲೆಯೇ

ಮೂರನೆಯವಳು ಮೂಡುಬಿದಿರೆ ಹತ್ತಿರದ ತೋಡಾರಿನ ಹುಡುಗಿ. ನರ್ಸಿಂಗ್ ಕಲಿಯುವವಳು. ತಂದೆ ಗಲ್ಫಿನಲ್ಲಿ, ಮನೆಯಂಗಳದಲ್ಲಿ ಹೊದಿಕೆ ಹೊದ್ದು ನಿಂತ ಕಾರು, ಒಳಗೆ ಮಂಡಿನೋವಿನ ಅಜ್ಜಿ. "ಅಜ್ಜಿಯನ್ನು ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಕ್ಕೆ ಪ್ರತಿ ಸಲ ಇನ್ನೊಬ್ಬರ ಮುಖ ನೋಡ್ಲಿಕ್ಕೆ ಆಗುವುದಿಲ್ಲ" ಅಂತ ಕಲಿಯಲು ಬಂದವಳು. ಮಾತು ಕಡಿಮೆ. ಆದರೆ ಆಡಿದ ಮಾತು ಮೊಳೆ ಹೊಡೆದ ಹಾಗೆ.

ಮೊದಲ ದಿನ ಕಾರಿನಲ್ಲಿ ಕೂತು ಸ್ಕಾರ್ಫ್ ಸರಿಮಾಡಿಕೊಂಡು, ಬೆಲ್ಟ್ ಹಾಕಿ, ಸುಮ್ಮನೆ ಎದುರು ನೋಡ್ತಾ ಕೂತಳು.

"ಸ್ಟಾರ್ಟ್ ಮಾಡು ಮಗಳೇ."

"ಅಜ್ಜ, ನಿಮ್ಮ ಬೆಲ್ಟ್?"

ನಾನು ನಕ್ಕೆ. "ನಲವತ್ತು ವರ್ಷ ಬೆಲ್ಟ್ ಇಲ್ಲದೆ ಓಡಿಸಿದವ ನಾನು. ಆನೆ ನನಗೆ ಸೈಡ್ ಕೊಟ್ಟದ್ದು ಗೊತ್ತುಂಟಾ?"

"ಆನೆ ಕೊಟ್ಟಿರ್ಬಹುದು. ಲಾರಿ ಕೊಡುವುದಿಲ್ಲ." ಕೀಲಿಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಐದು ನಿಮಿಷ ಆಯಿತು. ಹತ್ತು ನಿಮಿಷ ಆಯಿತು. ನಾನೂ ಹಟದವನೇ. ಅಷ್ಟರಲ್ಲಿ ನನ್ನ ಮೊಬೈಲು ಹೊಡೆದುಕೊಂಡಿತು. ಕೈ ಚಾಚಿ ಅದನ್ನೂ ತೆಗೆದು ಬಾಯಿ ಮುಚ್ಚಿಸಿ ಹಿಂದಿನ ಸೀಟಿಗೆ ಹಾಕಿದಳು. ಕೊನೆಗೆ ಮೂರು ತಾಲೂಕಿನಲ್ಲಿ ಯಾರಿಗೂ ಬಗ್ಗದ ನಾನು ಬೆಲ್ಟ್ ಎಳೆದು ಹಾಕಿಕೊಂಡೆ. ಮರುದಿನ ಅವಳು ಹೇಳುವ ಮೊದಲೇ ಹಾಕಿದೆ. ಮೂರನೇ ದಿನಕ್ಕೆ ಅಭ್ಯಾಸ ಎಷ್ಟು ಹತ್ತಿತು ಅಂದರೆ, ಮನೆಯಲ್ಲಿ ಊಟಕ್ಕೆ ಕೂತವನು ಹೆಗಲ ಹತ್ತಿರ ಕೈ ತಡಕಾಡ್ತಾ ಇದ್ದೆ.

ಹೆಂಡತಿ ಸಾರಿನ ಸೌಟು ಹಿಡಿದುಕೊಂಡು ಕೇಳಿದಳು: "ಎಂತ ಹುಡುಕುವುದು?"

"ಬೆಲ್ಟ್."

"ಅಷ್ಟು ವೇಗವಾಗಿ ತಿನ್ನುವುದಾದ್ರೆ ಹಾಕಿಕೊಳ್ಳಿ" ಅಂದಳು.

ಕುರ್ಚಿಯ ಗತಿ

ಟೆಸ್ಟಿಗೆ ಇನ್ನು ಒಂದೇ ವಾರ. ಮೂವರೂ ತಯಾರು, ನನ್ನ ಮೀಸೆ ನೆಟ್ಟಗೆ. ಆಗ ನಮ್ಮ ಕಂಡಕ್ಟರಿಗೆ ಜ್ವರ ಬಂತು.

ಆ ದಿನ ನೆರಿಯದವ ರಿವರ್ಸ್ ಗೇರ್ ಹಾಕಿ ಸುಮ್ಮನೆ ಕೂತ. "ಎಂತ ಮಾರಾಯ?"

"ತಟ್ಟುವವರು ಇಲ್ಲ ಅಜ್ಜ."

ಬಂಟ್ವಾಳದವ ಕೂತ. ಅವನ ಕಾರೂ ಹಂದಲಿಲ್ಲ, ನಿಂತಲ್ಲೇ ನಿಂತಿತು. "ಕಂಡಕ್ಟರ್ ಕಾಕ ಹಿಂದೆ ಇಲ್ಲದೆ ಧೈರ್ಯ ಬರುವುದಿಲ್ಲ ಅಜ್ಜ." ತೋಡಾರಿನವಳೂ ನನ್ನ ಮುಖ ನೋಡಿದಳು. "ಹಿಂದೆ ನೋಡ್ಬಾರ್ದು, ತಟ್ಟುವುದನ್ನು ಕೇಳ್ಬೇಕು ಅಂತ ನೀವೇ ಹೇಳಿದ್ದಲ್ವಾ?"

ಟೆಸ್ಟಿನ ಮೈದಾನದಲ್ಲಿ ತಟ್ಟುವವರು ಎಲ್ಲಿಂದ ಬರಬೇಕು? ಅಲ್ಲಿ ಕಾರಿನಲ್ಲಿ ಅವರೊಬ್ಬರೇ! ಮೀಸೆಯ ಒಂದು ತುದಿ ಆಗಲೇ ಕತ್ತಿಯ ಬಾಯಿಗೆ ಸಿಕ್ಕಿದ ಹಾಗಾಯಿತು.

"ಇಳಿಯಿರಿ ಎಲ್ಲ. ನಾನು ತೋರಿಸ್ತೇನೆ" ಅಂದೆ. ಕೂತೆ. ಗೇರ್ ಹಾಕಿದೆ. ಕಿವಿ ಕೊಟ್ಟೆ. ತಟ್ಟುವ ಶಬ್ದ ಇಲ್ಲ. ಇರಲಿ ಅಂತ ಕಾಲು ತೆಗೆದೆ. ಹಿಂದಿನಿಂದ 'ಕರಕ್' ಅಂತ ಕೇಳಿತು. ಕಂಡಕ್ಟರು ದಿನಾ ಕೂರುವ ಪ್ಲಾಸ್ಟಿಕ್ ಕುರ್ಚಿ ಹಪ್ಪಳ ಆಗಿತ್ತು. ಅವರಿಗೆ ಜ್ವರ ಬಂದದ್ದೇ ಅವರ ಪುಣ್ಯ!

ತೋಡಾರಿನವಳು ಮೆಲ್ಲ ಬಂದು ಕಿಟಕಿಯಲ್ಲಿ ಕೇಳಿದಳು: "ಅಜ್ಜ, ಈ ಕನ್ನಡಿ ಯಾಕೆ ನಿಮ್ಮ ಮುಖಕ್ಕೆ ತಿರುಗಿಕೊಂಡು ಉಂಟು?"

"ಮೀಸೆ ನೋಡ್ಲಿಕ್ಕೆ. ಮತ್ತೆ ಕನ್ನಡಿ ಇರುವುದು ಎಂತಕ್ಕೆ?"

ಅವಳು ನಗಲಿಲ್ಲ, ಅದು ಅವಳ ದೊಡ್ಡತನ. ನಡುವಿನ ಕನ್ನಡಿಯನ್ನು ಹಿಂದಿನ ಗಾಜಿಗೆ ತಿರುಗಿಸಿದಳು. ಬದಿಯ ಎರಡೂ ಕನ್ನಡಿಗಳನ್ನು ಸ್ವಲ್ಪ ಸ್ವಲ್ಪ ಸರಿಸಿದಳು. "ಈಗ ನೋಡಿ."

ನೋಡಿದೆ. ಅಬ್ಬಬ್ಬಾ! ಹಿಂದಿನ ಲೋಕವೆಲ್ಲ ಅಲ್ಲಿ ಕೂತಿತ್ತು! ಗೇಟು, ತೆಂಗಿನ ಮರ, ಮರದ ಬುಡದಲ್ಲಿ ಮಲಗಿದ ನಾಯಿ, ಸತ್ತ ಕುರ್ಚಿ. ನಲವತ್ತು ವರ್ಷ ನನ್ನ ಬೆನ್ನ ಹಿಂದೆ ಇಷ್ಟೆಲ್ಲ ನಡೆಯುತ್ತಿತ್ತು ಅಂತ ನನಗೆ ಯಾರೂ ಹೇಳಿರಲಿಲ್ಲ.

ಒಂದು ವಾರ ನಾವು ನಾಲ್ಕೂ ಜನ ನಾಲ್ಕು ಬಿದಿರಿನ ಕೋಲು ನೆಟ್ಟು ಬೆವರು ಸುರಿಸಿದೆವು. ಮೊದಲು ಇಳಿದು ಗಾಡಿಗೆ ಒಂದು ಸುತ್ತು ಬರುವುದು, ಆಮೇಲೆ ಮೂರೂ ಕನ್ನಡಿ, ಆಮೇಲೆ ಕುತ್ತಿಗೆ ತಿರುಗಿಸಿ ಹಿಂದಿನ ಗಾಜು, ಆಮೇಲೆ ಕಾಲು ಮೆಲ್ಲ ತೆಗೆಯುವುದು. ಮಕ್ಕಳಿಗೆ ಎರಡು ದಿನದಲ್ಲಿ ಬಂತು. ನನಗೆ ನಾಲ್ಕು ದಿನ ಬೇಕಾಯಿತು. ನನ್ನದು ದೊಡ್ಡ ತಲೆ, ತಿರುಗಲಿಕ್ಕೆ ಹೊತ್ತು ಬೇಕಲ್ಲ!

ಟೆಸ್ಟಿನ ದಿನ

ಕಂಡಕ್ಟರು ಜ್ವರ ಬಿಟ್ಟು ಎದ್ದವರು ನೇರ ಮೈದಾನಕ್ಕೇ ಬಂದರು. ಬೇಲಿಯ ಹತ್ತಿರ ನಿಂತು ನನ್ನ ಮೀಸೆಯನ್ನು ಕೊನೆಯ ಸಲ ನೋಡುವವರ ಹಾಗೆ ನೋಡಿದರು. "ತಟ್ಟುವವರು ಇಲ್ಲದೆ ಹೇಗೆ ಡ್ರೈವರ್ರೇ? ನನಗೆ ಪಾಪ ಕಾಣ್ತದೆ."

ನಾನು ಮೀಸೆ ತಿರುವಿದೆ. ಕುರ್ಚಿಯ ವಿಷಯ ಮಾತ್ರ ಹೇಳಲಿಲ್ಲ.

ಇನ್ಸ್‌ಪೆಕ್ಟರು ಕಟ್ಟುನಿಟ್ಟಿನವರು. ನೆರಿಯದವ ದಿಣ್ಣೆ ಹತ್ತಿ ನಡುವೆ ನಿಲ್ಲಿಸಿ ಒಂದು ಇಂಚೂ ಹಿಂದೆ ಜಾರದೆ ಹೊರಟ. ರಿವರ್ಸೂ ಸರಿಯಾಯಿತು. ಪಾಸ್! ಬಂಟ್ವಾಳದವ ಕಾರನ್ನು ಬದಿಗೆ ನಿಲ್ಲಿಸಿದ ಚಂದಕ್ಕೆ ಇನ್ಸ್‌ಪೆಕ್ಟರೇ ಕೇಳಿದರು: "ಇಷ್ಟು ಪಾರ್ಕಿಂಗ್ ಎಲ್ಲಿ ಅಭ್ಯಾಸ ಮಾಡಿದ್ದು?" "ಕಾಣಿಕೆ ಡಬ್ಬಿಗಳ ಎದುರು ಸರ್." ಪಾಸ್! ಕಂಡಕ್ಟರ ಮುಖ ಸ್ವಲ್ಪ ಸಣ್ಣದಾಯಿತು.

ಕೊನೆಗೆ ತೋಡಾರಿನವಳು. ಗಾಡಿಗೆ ಒಂದು ಸುತ್ತು ಬಂದಳು, ಬೆಲ್ಟ್ ಹಾಕಿದಳು, ಎಲ್ಲವೂ ಗೆರೆ ಎಳೆದ ಹಾಗೆ. ಉಳಿದದ್ದು ರಿವರ್ಸ್ ಒಂದೇ. ಕಂಬಗಳ ನಡುವೆ ಅರ್ಧ ಹಿಂದೆ ಬಂದಳು. ನಾನು ಮೀಸೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಅಷ್ಟರಲ್ಲಿ ಕಾರು ಟಕ್ ಅಂತ ನಿಂತಿತು!

ನಿಂತದ್ದು ಹಂದುವುದಿಲ್ಲ. ಇನ್ಸ್‌ಪೆಕ್ಟರು ಗಡಿಯಾರ ನೋಡಿದರು. ಮುಗಿಯಿತು ಮೀಸೆ ಅಂದುಕೊಂಡೆ. ಪಕ್ಕಕ್ಕೆ ತಿರುಗಿದರೆ ಬೇಲಿಯ ಹತ್ತಿರ ಕಂಡಕ್ಟರು ಇಲ್ಲ!

ನೋಡುವುದು ಎಂತ? ಕಾರು ಹಿಂದೆ ಬರುವುದನ್ನು ಕಂಡದ್ದೇ ಅವರ ಕಾಲಿಗೆ ಮೂವತ್ತು ವರ್ಷದ ಅಭ್ಯಾಸ ಹತ್ತಿಕೊಂಡು ಬಿಟ್ಟಿದೆ. ಪಣ ಮರೆತಿದೆ, ಜ್ವರ ಮರೆತಿದೆ. ಬೇಲಿ ಹಾರಿ, ಕಾರಿನ ಹಿಂದೆ ನಿಂತು, ಡಿಕ್ಕಿಗೆ ಪಟಪಟ ತಟ್ಟುತ್ತಾ "ಬರಡ್! ಬರಡ್! ಬರಡ್!" ಅಂತ ಕೂಗ್ತಾ ಇದ್ದಾರೆ!

"ಯಾರ್ರೀ ಅದು? ಏಯ್, ಹೊರಗೆ!" ಇನ್ಸ್‌ಪೆಕ್ಟರು ಗರ್ಜಿಸಿದರು. ಆಮೇಲೆ ಕಾರಿನ ಹತ್ತಿರ ಹೋಗಿ, "ನೀನು ಯಾಕಮ್ಮ ನಿಲ್ಲಿಸಿದ್ದು? ಅವರು ಬಾ ಬಾ ಅಂತ ಕರೀತಾ ಇದ್ದಾರಲ್ಲ?"

ಹುಡುಗಿ ಸಮಾಧಾನದಲ್ಲಿ ಹೇಳಿದಳು: "ಕರೆದ್ರೂ ಹೋಗ್ಲಿಕ್ಕೆ ಆಗುವುದಿಲ್ಲ ಸರ್. ಕನ್ನಡಿಯಲ್ಲಿ ಮನುಷ್ಯ ಕಾಣ್ತಾ ಇದ್ದಾರೆ."

ಇನ್ಸ್‌ಪೆಕ್ಟರು ತಲೆಯಾಡಿಸಿದರು. ಕಂಡಕ್ಟರನ್ನು ಬೇಲಿಯಾಚೆ ಕಳಿಸಿ, ಉಳಿದ ಅರ್ಧವನ್ನೂ ಮಾಡಿಸಿ, ಕಾಗದದ ಮೇಲೆ ಗೀಚಿದರು. ಪಾಸ್!

ನಾನು ಕುಣಿದ ಕುಣಿತಕ್ಕೆ ಮೈದಾನದ ಧೂಳು ಎದ್ದು ಪಾಣೆಮಂಗಳೂರು ಹೊಳೆಯ ಸಂಕದವರೆಗೆ ಹೋಯಿತು ಅಂತ ಮರುದಿನ ಜನ ಹೇಳಿದರು.

ಆನೆಯ ಸಾಕ್ಷಿ

ಸಂಜೆ ಅದೇ ಹೋಟೆಲು, ಅದೇ ಗೋಳಿಬಜೆ. ಮೂವರು ಮಕ್ಕಳೂ ಕೂತಿದ್ದರು, ಊರಿನವರೂ ಸೇರಿದ್ದರು. ನಾನು ಮೀಸೆಗೆ ಎಣ್ಣೆ ಹಾಕಿಕೊಂಡು ಬಂದಿದ್ದೆ. "ಹೂಂ, ಏಳಿ ಕಂಡಕ್ಟ್ರೇ."

ಕಂಡಕ್ಟರು ಎದ್ದು ನಿಂತರು. ಟೊಪ್ಪಿ ಸರಿಮಾಡಿಕೊಂಡರು. ಗಂಟಲು ಕೆರೆದು ಹೇಳಿದರು:

"ಮಾತು ಅಂದ್ರೆ ಮಾತು. ಆನೆ ಸೈಡ್ ಕೊಟ್ಟದ್ದು ಸತ್ಯ. ನಾನು ಕಣ್ಣಾರೆ ನೋಡಿದ್ದೇನೆ."

ಹೋಟೆಲಿಡೀ ಚಪ್ಪಾಳೆ! ಮೂವತ್ತು ವರ್ಷದಿಂದ ಕಾದ ಮಾತು! ನನ್ನ ಕಣ್ಣಲ್ಲಿ ನೀರು ಬಂತು. ನಾನು ಎದ್ದು ಎಲ್ಲರಿಗೂ ಕೈ ಮುಗಿಯುವುದರೊಳಗೆ ಕಂಡಕ್ಟರು ಕೈ ಎತ್ತಿದರು. "ನಿಲ್ಲಿ, ಪೂರ್ತಿ ಆಗ್ಲಿಲ್ಲ."

"ಇನ್ನೆಂತ?" ಅಂದೆ.

"ನಾನು ನೋಡಿದ್ದು ಹಿಂದಿನ ಸೀಟಿನ ಅಡಿಯಿಂದ. ಆನೆ ಬಸ್ಸಿನ ಎದುರು ನಿಂತಿತ್ತು. ನಮ್ಮ ಡ್ರೈವರ್ರು ರಿವರ್ಸ್ ಗೇರ್ ಹಾಕಿ, 'ಇಳಿದು ತಟ್ಟು ಮಾರಾಯ, ತಟ್ಟು' ಅಂತ ಬೊಬ್ಬೆ ಹೊಡೆದ್ರು. ಆನೆ ಇರುವಾಗ ನಾನು ಯಾಕೆ ಇಳಿಯಲಿ? ಇಳಿಯಲಿಲ್ಲ. ಬಸ್ಸು ಹಂದಲಿಲ್ಲ. ಆನೆ ಹತ್ತು ನಿಮಿಷ ನೋಡ್ತು. ಈ ಮನುಷ್ಯನಿಗೆ ರಿವರ್ಸ್ ಬರುವುದಿಲ್ಲ ಅಂತ ಅದಕ್ಕೂ ಗೊತ್ತಾಯ್ತು. ಕೊನೆಗೆ ಪಾಪ, ತಾನೇ ರಿವರ್ಸ್ ಹೋಯ್ತು."

ತೋಡಾರಿನ ಹುಡುಗಿ ಅಷ್ಟು ದಿನದಲ್ಲಿ ಮೊದಲ ಸಲ ಬಾಯಿಬಿಟ್ಟು ನಕ್ಕಳು. ಕಂಡಕ್ಟರು ಕೂತು, ಚಹಾದ ಲೋಟ ಎತ್ತಿಕೊಂಡು, ನನ್ನ ಕಡೆ ನೋಡಿ ಮುಗಿಸಿದರು:

"ಅದೂ ಹಿಂದಿನಿಂದ ಯಾರೂ ತಟ್ಟದೆ!"